ಪ್ರಳಯೋತ್ತರ ಕ್ರೀಡೆಗಳಲ್ಲಿ ಅಜ್ಞಾನದ ನಿಯಮ

ಪಾತ್ರಧಾರಣದ ಕ್ರೀಡೆಗಳೆಂಬುವು 1974ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಿಂದ ಪ್ರಚಾರಕ್ಕೆ ಬಂದುವು. ಕೆಲವರು ಒಂದೆಡೆ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ನಡೆಯಿಸುವರು. ನಿರ್ಣಾಯಕನೊಬ್ಬನು ಸುತ್ತಣ ಲೋಕವನ್ನು ವರ್ಣಿಸುವನು; ಸಂದೇಹಸ್ಥಳದಲ್ಲಿ ದಾಳವು ತೀರ್ಪುಕೊಡುವುದು. ಇದು ಸಾಹಿತ್ಯವೆ ಎಂಬ ಚರ್ಚೆ ಇಲ್ಲಿ ಬೇಡ. ಇದರ ಒಂದು ಶಾಖೆಯು ನಾಟಕದ ಹಳೆಯ ತೊಡಕೊಂದನ್ನು ಬಿಡಿಸಲೆಳಸಿದ ಬಗೆಯಾದರೋ ವಿಚಾರಾರ್ಹವಾಗಿದೆ.

ಜೇಮ್ಸ್ ವಾರ್ಡ್ ಮತ್ತು ಗ್ಯಾರಿ ಜಾಕೆ ಎಂಬವರು ರಚಿಸಿದ ‘ಗಾಮಾ ವರ್ಲ್ಡ್’ 1978ರಲ್ಲಿ ಹೊರಬಂದಿತು. ಮಹಾವಿನಾಶವಾಗಿ ತಲೆಮಾರುಗಳು ಕಳೆದಿವೆ; ಪ್ರಾಚೀನರ ಯಂತ್ರಗಳೂ ಆಯುಧಗಳೂ ಹಾಳೂರುಗಳಲ್ಲಿ ಬಿದ್ದಿವೆ; ಅವುಗಳ ಉಪಯೋಗವನ್ನು ಬಲ್ಲವರು ವಿರಳ. ಪಾತ್ರಕ್ಕೆ ಕೈಬಾಂಬು ಒಂದು ವಿಚಿತ್ರವಾದ ಗುಂಡು ಮಾತ್ರ. ಆದರೆ ಪಾತ್ರವನ್ನು ವಹಿಸಿದವನಿಗೆ ಅದು ಏನೆಂದು ಚೆನ್ನಾಗಿ ಗೊತ್ತು! ಶಾಕುಂತಲದಲ್ಲಿ ದೂರ್ವಾಸನ ಶಾಪವನ್ನು ಪ್ರೇಕ್ಷಕರು ಬಲ್ಲರು, ದುಷ್ಯಂತನು ಅರಿಯನು. ಅಲ್ಲಿ ಅರಿತವರು ಸಭೆಯಲ್ಲಿರುವರು, ಅರಿಯದವನು ರಂಗದ ಮೇಲಿರುವನು. ಇಲ್ಲಿ ಪ್ರೇಕ್ಷಕನೂ ದುಷ್ಯಂತನೂ ಒಬ್ಬನೇ. ಅವನು ತನ್ನ ಅರಿವನ್ನು ತಾನೇ ಮುಚ್ಚಿಡುವನೆಂದು ನಂಬುವುದೆಂತು?

ಗ್ರಂಥಕರ್ತರು ನಂಬಲಿಲ್ಲ; ನಕ್ಷೆಯನ್ನು ಬರೆದರು. ವಸ್ತುವಿನ ಜಟಿಲತೆಗೆ ತಕ್ಕಂತೆ ಮೂರು ನಕ್ಷೆಗಳುಂಟು. ಆರಂಭಸ್ಥಾನದಿಂದ ಹೊರಟು, ದಾಳ ಬಿದ್ದಂತೆ ಕವಲು ಹಿಡಿದು ಸಾಗಬೇಕು. ಕೊನೆಯನ್ನು ಮುಟ್ಟಿದರೆ ಪಾತ್ರಕ್ಕೆ ವಸ್ತುವಿನ ಮರ್ಮ ತಿಳಿಯಿತು. ತಲೆಬುರುಡೆಯ ಚಿಹ್ನೆಯನ್ನು ಮುಟ್ಟಿದರೆ ಕೇಡು. ಬುದ್ಧಿಬಲಕ್ಕೆ ತುಸು ರಿಯಾಯಿತಿಯುಂಟು. ಹೀಗೆ ಅಜ್ಞಾನವು ಅಭಿನಯಿಸತಕ್ಕ ಭಾವವಾಗಿ ಉಳಿಯದೆ ನಡೆಯತಕ್ಕ ದಾರಿಯಾಯಿತು.

ಗ್ಯಾರಿ ಗೈಗಾಕ್ಸನು 1980ರಲ್ಲಿ ಪ್ರಕಟಿಸಿದ ‘ಎಕ್ಸ್‌ಪೆಡಿಷನ್ ಟು ದಿ ಬ್ಯಾರಿಯರ್ ಪೀಕ್ಸ್’ ಎಂಬ ಸಾಹಸಕಥೆಯು ಪ್ರಳಯಾನಂತರದ್ದಲ್ಲವಾದರೂ ಇಲ್ಲಿ ಸ್ಮರಣೀಯ. ಮಾಂತ್ರಿಕರ ನಾಡಿನಲ್ಲಿ ಕೆಡೆದ ಆಕಾಶನೌಕೆಯೊಂದು ಅದರ ವಸ್ತು. ಅಲ್ಲಿ ನಕ್ಷೆಗಳ ಜೊತೆಗೆ ಚಿತ್ರಗಳ ಪುಸ್ತಿಕೆಯೊಂದಿದೆ. ನಿರ್ಣಾಯಕನು ಹೆಸರನ್ನು ಹೇಳದೆ ಚಿತ್ರವನ್ನು ತೋರಿಸಬಹುದು. ಹೆಸರನ್ನು ಮರೆಮಾಡಿ ರೂಪವನ್ನು ಮಾತ್ರ ಒಡ್ಡುವುದು ನಮ್ಮ ಒಗಟುಗಳ ಹಾದಿಯೇ ಸರಿ.

1991ರ ‘ಡಾರ್ಕ್ ಸನ್’ನಲ್ಲಿ ಸಮಸ್ಯೆ ಬೇರೆ. ಮಾಂತ್ರಿಕರ ದುರಾಶೆಯಿಂದ ಭೂಮಿ ಬರಡಾಗಿ ಲೋಹವೇ ದುರ್ಲಭವಾಗಿದೆ. ನಾಣ್ಯವು ಸುಟ್ಟ ಮಣ್ಣಿನದು. ಎಲುಬು, ಕಲ್ಲು, ಮರದ ಆಯುಧಗಳು ಮಂದವಾದುವು, ಮುರಿಯುವಂಥವು. ಇದು ಲೆಕ್ಕಕ್ಕೆ ಸುಲಭ. ಅಜ್ಞಾನದ ನಿಯಮದ ಸೂಕ್ಷ್ಮತೆ ಇದಕ್ಕಿಲ್ಲ.

ನಕ್ಷೆಯ ಪದ್ಧತಿಯಲ್ಲಿ ಒಂದು ದೋಷವನ್ನು ಹೇಳಲೇಬೇಕು. ವಸ್ತುವನ್ನು ತಿರುವಿ ನೋಡಿ, ಗುಂಡಿಯ ಸವಕಳಿಯಿಂದ ಅದರ ಬಳಕೆಯನ್ನು ಊಹಿಸಿದ ಜಾಣನಿಗೂ, ಸುಮ್ಮನೆ ಕುಲುಕಿದ ಮೂಢನಿಗೂ ದಾಳವು ಹೆಚ್ಚುಕಡಮೆ ಒಂದೇ ದಾರಿಯನ್ನು ತೋರುವುದು. ಅರಿವನ್ನು ಕಟ್ಟಿಹಾಕಹೋಗಿ ನಿಯಮವು ಊಹೆಯನ್ನೂ ಕಟ್ಟಿಹಾಕಿತು.