ಮೊದಲು ಕೂರಬೇಕು, ಆಮೇಲೆ ಬಿಗಿ

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳಲ್ಲಿ ಬೆಳಗಿನ ಇಡ್ಲಿ-ವಡೆಯ ಗಿರಾಕಿಗಳು ಕರಗುವ ಹೊತ್ತಿಗೆ ಗ್ಯಾರೇಜುಗಳ ಶಟರ್‌ಗಳು ಗಡಗಡ ಎನ್ನುತ್ತ ಒಂದೊಂದಾಗಿ ಮೇಲೇರುತ್ತವೆ. ಅಂಥದ್ದೊಂದು ಶಟರ್ ದಾಟಿ ಒಳಗೆ ಬನ್ನಿ. ನೆಲ ಜಾರುತ್ತದೆ, ನೋಡಿಕೊಂಡು ಕಾಲಿಡಿ. ಗ್ರೀಸು, ಹಳೇ ಎಂಜಿನ್ ಆಯಿಲ್ಲು, ಆಗತಾನೆ ಸಿಂಪಡಿಸಿದ ಬ್ರೇಕ್ ಕ್ಲೀನರ್, ಮೂರೂ ಕಲೆತ ವಾಸನೆ ಮೂಗಿಗಡರುತ್ತದೆ. ಎರಡು ಕಂಬದ ಲಿಫ್ಟಿನ ತೋಳುಗಳ ಮೇಲೆ ಆಳೆತ್ತರದಲ್ಲಿ ನಿಂತಿದೆ ಎರಡನೇ ತಲೆಮಾರಿನ ಒಂದು ಆಡಿ ಟಿಟಿ ಕಾರು. ರಸ್ತೆಯಲ್ಲಿ ಜನ ತಿರುಗಿ ನೋಡುವುದು ಇದರ ಗುಂಡನೆಯ ಬೆನ್ನನ್ನು. ಇಲ್ಲಿ ನಮಗೆ ಕಾಣುತ್ತಿರುವುದು ಹೊಟ್ಟೆ. ಮುಂದಿನ ಚಕ್ರಗಳಿಲ್ಲ, ತಳದ ಪ್ಲಾಸ್ಟಿಕ್ ಹೊದಿಕೆಯಿಲ್ಲ. ಎಂಜಿನ್ನು ಮೇಲಿನ ಎರಡು ಮೌಂಟುಗಳಿಗೆ ಜೋತುಬಿದ್ದಿದೆ. ಅದರ ಅಡಿಯಲ್ಲಿ ದೊಡ್ಡದೊಂದು ತುಣುಕೇ ಮಾಯ.

ಆ ತುಣುಕು ಪಕ್ಕದ ಮೇಜಿನ ಮೇಲಿದೆ. ಇದೇ ಮುಂದಿನ ಸಬ್‌ಫ್ರೇಮ್. ಅಲ್ಯೂಮಿನಿಯಂನದು, ಮೇಜಿನ ಅಗಲಕ್ಕೂ ಚಾಚಿಕೊಂಡಿದೆ. ನೋಡಲು ಚೆಂದವೇನಿಲ್ಲ, ಆದರೆ ಗಾಡಿಯ ಮುಂಭಾಗದ ಸಂಸಾರವೆಲ್ಲ ನಡೆಯುವುದು ಇದರ ಮೇಲೆಯೇ. ಚಕ್ರವನ್ನು ಹಿಡಿದ ಕೆಳಗಿನ ಆರ್ಮ್‌ಗಳು ಕಚ್ಚಿಕೊಳ್ಳುವುದು ಇದಕ್ಕೆ, ಸ್ಟೀರಿಂಗ್ ರ‍್ಯಾಕ್ ಕೂರುವುದು ಇದರ ಮೇಲೆ, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರು ಹಾದುಹೋಗುವುದು ಇದರ ಮೇಲಿಂದ, ಎಂಜಿನ್ನು ಹಿಂದೆ ಮುಂದೆ ತೂಗದಂತೆ ಹಿಡಿಯುವ ಕೆಳಮೌಂಟು ಸಿಕ್ಕಿಕೊಳ್ಳುವುದೂ ಇದರೊಳಕ್ಕೇ.

ಕೆಳಗಿಳಿಸಿದ್ದು ಯಾಕೆ ಅಂದರೆ, ಒಂದು ಸದ್ದಿಗಾಗಿ. ಬ್ರೇಕ್ ಒತ್ತಿದರೆ ಕಾಲಡಿಯಲ್ಲಿ ‘ಟಕ್’. ರಿವರ್ಸ್ ಹಾಕಿ ಮತ್ತೆ ಬ್ರೇಕ್ ಒತ್ತಿದರೆ ಇನ್ನೊಂದು ‘ಟಕ್’. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, ಹುಡುಗರ ಪಾಲಿಗೆ ‘ಅಣ್ಣ’, ಬೋಲ್ಟಿನ ತಲೆ ಒತ್ತಿಕೊಂಡಿದ್ದ ಜಾಗಕ್ಕೆ ಟಾರ್ಚ್ ಹಿಡಿದು ತೋರಿಸುತ್ತಾರೆ. ಬಗ್ಗಿ ನೋಡಿ. ಅಲ್ಯೂಮಿನಿಯಂ ಮೇಲೆ ಒಂದು ಮಾಸಲು ಉಂಗುರ, ಅದನ್ನೇ ಅರೆಬರೆ ಮೆಟ್ಟಿಕೊಂಡು ಪಕ್ಕಕ್ಕೆ ಸರಿದ ಇನ್ನೊಂದು ಹೊಳೆಯುವ ಉಂಗುರ. ಹಳೆಯದು ಮೊದಲು ಕೂತಿದ್ದ ಜಾಗ, ಹೊಸದು ಹಂಪು-ಗುಂಡಿಗಳ ಏಟಿಗೆ ಜಾರಿ ಸೇರಿಕೊಂಡ ಜಾಗ. ನಡುವೆ ಇರುವುದು ಉಗುರಿನಷ್ಟು ದಪ್ಪದ ಅಂತರ. ಅಷ್ಟಕ್ಕೇ ಆ ಸದ್ದು.

ಹುಡುಗನೊಬ್ಬ ತಂತಿ ಬ್ರಷ್ಷು ಹಿಡಿದು ಮೇಲಿನ ಬಾಡಿಯಲ್ಲಿ ಸಬ್‌ಫ್ರೇಮ್ ಮುಟ್ಟುವ ಜಾಗಗಳನ್ನೆಲ್ಲ ಉಜ್ಜುತ್ತಿದ್ದಾನೆ. ಕನ್ನಡಕದ ಮೇಲೆ ಬಿಳಿ ಪುಡಿ ಉದುರುತ್ತದೆ. ಅಲ್ಯೂಮಿನಿಯಮ್ಮೂ ಉಕ್ಕೂ ಒದ್ದೆಯಲ್ಲಿ ಮೈಗೆ ಮೈ ತಾಗಿಸಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಹೀಗೆ ಪುಡಿಯಾಗುತ್ತದೆ. ಈ ಗಾಡಿಯ ಬಾಡಿಯಲ್ಲೇ ಆ ಎರಡು ಲೋಹಗಳ ನೆಂಟಸ್ತಿಕೆ ಇದೆ: ಬಾಡಿಯ ತೂಕದಲ್ಲಿ ಶೇ 69ರಷ್ಟು ಅಲ್ಯೂಮಿನಿಯಂ, ಶೇ 31ರಷ್ಟು ಉಕ್ಕು, ಮುಂದಿನ ಎಂಜಿನ್ನಿನ ಭಾರಕ್ಕೆ ಸರಿದೂಗಲೆಂದು ಉಕ್ಕಿನ ಪಾಲನ್ನು ಹಿಂಭಾಗಕ್ಕೆ ಹಾಕಿದ್ದಾರೆ. ಬಾಡಿ ತಯಾರಾದದ್ದು ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ, ಗಾಡಿಯಾಗಿ ಜೋಡಣೆಗೊಂಡದ್ದು ಹಂಗೇರಿಯ ಗ್ಯೋರ್ ಊರಿನಲ್ಲಿ. 2023ರ ನವೆಂಬರಿನಲ್ಲಿ ಕೊನೆಯ ಟಿಟಿ ಅಲ್ಲಿಂದ ಹೊರಬೀಳುವಷ್ಟರಲ್ಲಿ ಮೂರು ತಲೆಮಾರು ಸೇರಿ 6,62,762 ಗಾಡಿಗಳಾಗಿದ್ದವು. ಅಲ್ಲಿ ಅಳತೆಯ ಚೌಕಟ್ಟಿನೊಳಗೆ ನಡೆದಿದ್ದ ಕೂಡಿಕೆಯನ್ನು ಇಲ್ಲಿ ಒಂದು ಜಾಕಿ, ನಾಲ್ಕು ಕೈ ಸೇರಿ ಮತ್ತೆ ಮಾಡಬೇಕು.

ಗೇರ್‌ಬಾಕ್ಸ್ ಜಾಕಿಯ ಮೇಲೆ ಮರದ ತುಂಡಿಟ್ಟು, ಅದರ ಮೇಲೆ ಸಬ್‌ಫ್ರೇಮ್ ಮಲಗಿಸಿ, ಪೆಡಲ್ ಮೆಲ್ಲಗೆ ತುಳಿಯುತ್ತಾರೆ. ಒಂದೊಂದು ತುಳಿತಕ್ಕೂ ಎಣ್ಣೆಯ ‘ಚಿಸ್’ ಸದ್ದು. ರ‍್ಯಾಕ್ ಅದರ ಮೇಲೆಯೇ ಇದೆಯಾದ್ದರಿಂದ ಇನ್ನೊಬ್ಬ ಹುಡುಗ ಗಾಡಿಯೊಳಗೆ, ಕ್ಲಚ್ ಪೆಡಲಿನ ಬಳಿ ತಲೆಕೆಳಗಾಗಿ ಮಲಗಿ ಸ್ಟೀರಿಂಗ್ ಶಾಫ್ಟಿನ ಜೋಡಣೆಯನ್ನು ಕಾಯುತ್ತಿದ್ದಾನೆ. ಸ್ಟೀರಿಂಗ್ ಚಕ್ರವನ್ನು ನೇರಕ್ಕೆ ನಿಲ್ಲಿಸಿ ಬೆಲ್ಟಿನಿಂದ ಕಟ್ಟಿಹಾಕಿದ್ದಾರೆ. ಶಾಫ್ಟ್ ಬಿಚ್ಚಿದ್ದಾಗ ಅದು ಸುಮ್ಮನೆ ಸುತ್ತಿಬಿಟ್ಟರೆ ಒಳಗೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ತಂತಿ ಕಿತ್ತುಹೋಗುತ್ತದೆ.

“ಬಂತೇನೋ?”

“ಇನ್ನೂ ಸ್ವಲ್ಪ ಮೇಲೆ ಅಣ್ಣ... ಸಾಕು, ಸಾಕು! ರಬ್ಬರ್ ಮಡಚ್ಕೊಂತು.”

ಜಾಕಿ ಇಳಿಯುತ್ತದೆ. ಶಾಫ್ಟು ಹಾಯುವ ತೂತಿನ ಸುತ್ತಲಿನ ರಬ್ಬರಿನ ಅಂಚು ಸಪಾಟಾಗಿ ಕೂರದಿದ್ದರೆ ಮಳೆಗಾಲದಲ್ಲಿ ನೀರೂ ಉಳಿದ ಕಾಲದಲ್ಲಿ ರಸ್ತೆಯ ಸದ್ದೂ ಒಳಗೆ ಬರುತ್ತವೆ. ಬೆರಳಾಡಿಸಿ ಅಂಚು ಬಿಡಿಸಿದ ಮೇಲೆ ಮತ್ತೆ ‘ಚಿಸ್, ಚಿಸ್’. ಈ ಸಲ ಒಳಗಿನಿಂದ “ಬಂತು” ಎಂಬ ಕೂಗು.

ಕೆಲಸದ ಗುಟ್ಟೆಲ್ಲ ಇರುವುದು ಇಲ್ಲಿಂದ ಮುಂದೆ. ಬೋಲ್ಟಿಗಿಂತ ಬೋಲ್ಟಿನ ತೂತು ಕೊಂಚ ದೊಡ್ಡದು. ಹಾಗಾಗಿ ಬೋಲ್ಟು ಹಿಡಿದ ಮಾತ್ರಕ್ಕೆ ಸಬ್‌ಫ್ರೇಮ್ ಸರಿಯಾದ ಜಾಗದಲ್ಲಿದೆ ಎಂದೇನಿಲ್ಲ. ಎಡಕ್ಕೋ ಬಲಕ್ಕೋ ಚೂರು ಸರಿದು ಕೂತರೂ ಬೋಲ್ಟು ಅಷ್ಟೇ ಸಲೀಸಾಗಿ ಬಿಗಿಯಾಗುತ್ತದೆ. ಆದರೆ ಎಡಕ್ಕೆ ಸರಿದರೆ ಎಡಚಕ್ರದ ಬುಡ ಹೊರಕ್ಕೂ ಬಲಚಕ್ರದ ಬುಡ ಒಳಕ್ಕೂ ಹೋಗಿ, ಎರಡೂ ಬೇರೆ ಬೇರೆ ಕೋನದಲ್ಲಿ ನಿಂತುಬಿಡುತ್ತವೆ. ಅದಕ್ಕೇ ಅಣ್ಣ ಮೊದಲು ಬೋಲ್ಟನ್ನೇ ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಸುತ್ತಿಟ್ಟ ಉಕ್ಕಿನ ಪಿನ್ನುಗಳನ್ನು ತೆಗೆಯುತ್ತಾರೆ. ತೂತಿಗೆ ಹೇಳಿ ಮಾಡಿಸಿದ ಗಾತ್ರ. ಸೇರಿದ ಮೇಲೆ ಸಬ್‌ಫ್ರೇಮಿಗೆ ಅಲ್ಲಾಡಲು ಜಾಗವೇ ಇರದು. ಎಡಕ್ಕೊಂದು, ಬಲಕ್ಕೊಂದು ಪಿನ್ನು ಹೊಕ್ಕ ಮೇಲೆ ಉಳಿದ ತೂತುಗಳಿಗೆ ಹೊಸ ಬೋಲ್ಟುಗಳನ್ನು ಬರಿಬೆರಳಲ್ಲೇ ತಿರುಗಿಸುತ್ತಾರೆ. ಬಾಗಿಲು ಕೂರಿಸುವ ಬಡಗಿ ಎಲ್ಲ ಸ್ಕ್ರೂಗಳನ್ನೂ ಮೊದಲು ಅರ್ಧರ್ಧ ಹಾಕಿಟ್ಟುಕೊಳ್ಳುವಂತೆ, ಇಲ್ಲೂ ಯಾವುದಕ್ಕೂ ಪೂರ್ತಿ ಬಿಗಿಯಿಲ್ಲ. ಆಮೇಲೆ ಒಂದು ಪಿನ್ನು ತೆಗೆದು ಅಲ್ಲಿಗೆ ಬೋಲ್ಟು, ಅದು ಹಿಡಿದ ಮೇಲೆ ಇನ್ನೊಂದು ಪಿನ್ನಿನ ಸರದಿ.

ಈಗ ಟಾರ್ಕ್ ರೆಂಚು ಕೈಗೆ ಬರುತ್ತದೆ. 70 ನ್ಯೂಟನ್ ಮೀಟರಿಗೆ ಇಟ್ಟು ಎಳೆದರೆ ‘ಕಟಕ್’. ಎಡ, ಬಲ, ಮತ್ತೆ ಎಡ. ಅಷ್ಟಕ್ಕೇ ಮುಗಿಯಲಿಲ್ಲ, ಪ್ರತಿ ಬೋಲ್ಟಿನ ತಲೆಗೂ ಬಿಳಿ ಗೆರೆ ಎಳೆದು, ಉದ್ದನೆಯ ಹಿಡಿ ಹಾಕಿ ಇನ್ನೂ 90 ಡಿಗ್ರಿ, ಅಂದರೆ ಕಾಲು ಸುತ್ತು. ತೋಳಿನ ನರಗಳು ಉಬ್ಬುತ್ತವೆ, ಬೋಲ್ಟು ‘ಕಿರ್’ ಎನ್ನುತ್ತದೆ. ರೆಂಚಿನಲ್ಲಿ ಹಾಕುವ ಬಲದಲ್ಲಿ ನಿಜವಾಗಿ ಬಿಗಿಗೆ ಸಲ್ಲುವುದು ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದನ್ನು ಬೋಲ್ಟಿನ ತಲೆಯಡಿಯ, ಥ್ರೆಡ್ಡುಗಳ ನಡುವಿನ ತಿಕ್ಕಾಟ ನುಂಗಿಬಿಡುತ್ತದೆ. ಒಂದು ತೊಟ್ಟು ಎಣ್ಣೆ ಬಿದ್ದಿದ್ದರೂ ಲೆಕ್ಕ ತಪ್ಪುತ್ತದೆ. ಕಾಲು ಸುತ್ತಿಗೆ ಮಾತ್ರ ಆ ಹಂಗಿಲ್ಲ: ಅಷ್ಟು ತಿರುಗಿದರೆ ಬೋಲ್ಟು ಇಷ್ಟು ಹಿಗ್ಗಲೇಬೇಕು, ಹಿಗ್ಗಿದ ಬೋಲ್ಟು ಸ್ಪ್ರಿಂಗಿನಂತೆ ಸಬ್‌ಫ್ರೇಮನ್ನೂ ಬಾಡಿಯನ್ನೂ ಒತ್ತಿ ಹಿಡಿಯಲೇಬೇಕು. ಹಾಗೆ ಒಮ್ಮೆ ಎಳೆದ ಬೋಲ್ಟು ಎರಡನೇ ಸಲಕ್ಕೆ ಬರುವುದಿಲ್ಲ.

ಮಾಲೀಕರು ಬಂದಿದ್ದಾರೆ. ಡಬ್ಬಿಯಲ್ಲಿದ್ದ ಹಳೇ ಬೋಲ್ಟು ಎತ್ತಿ, “ಚೆನ್ನಾಗೇ ಇದ್ಯಲ್ರೀ ಇದು?” ಎನ್ನುತ್ತಾರೆ.

“ನೋಡೋಕೆ ಚೆನ್ನಾಗಿದೆ ಸಾರ್. ಹಿಡಿಯೋಕಲ್ಲ.”

ಬಿಚ್ಚಿದ್ದನ್ನೆಲ್ಲ ಜೋಡಿಸಿ ಚಕ್ರ ಹಾಕಿದ ಮೇಲೆ ಲಿಫ್ಟು ಇಳಿಯುತ್ತದೆ, ಚಕ್ರಗಳು ನೆಲ ಮುಟ್ಟುತ್ತವೆ. ಆರ್ಮ್‌ಗಳ ರಬ್ಬರ್ ಬುಷ್ಷಿನ ಬೋಲ್ಟುಗಳಿಗೆ ಕೊನೆಯ ಬಿಗಿ ಗಾಡಿ ತನ್ನ ಭಾರವನ್ನು ತಾನೇ ಹೊತ್ತು ನಿಂತಾಗಲೇ. ತೂಗುಬಿಟ್ಟಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲ್ಲಿಂದ ವೀಲ್ ಅಲೈನ್‌ಮೆಂಟ್ ಮೆಷಿನ್ನಿಗೆ. ಪರದೆಯ ಮೇಲೆ ಎಡಬಲದ ಕೋನಗಳು ಮೂಡುತ್ತವೆ. ಎರಡರ ನಡುವೆ ಅರ್ಧ ಡಿಗ್ರಿಯವರೆಗೆ ವ್ಯತ್ಯಾಸಕ್ಕೆ ರಿಯಾಯಿತಿ ಉಂಟು. ಇಲ್ಲಿ ಅಷ್ಟೂ ಬೇಕಾಗಿಲ್ಲ. ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಟೈ ರಾಡಿನಲ್ಲಿ ಸರಿಮಾಡಬಹುದು. ಈ ಕೋನವನ್ನು ಸರಿಮಾಡಬೇಕೆಂದರೆ ಮತ್ತೆ ಸಬ್‌ಫ್ರೇಮನ್ನೇ ಸಡಿಲಿಸಬೇಕಿತ್ತು.

ಕೀಲಿ ಕೊಡುವ ಮೊದಲು ಅಣ್ಣ ಇನ್ನೊಮ್ಮೆ ಕೆಳಗೆ ತೂರಿ, ಪ್ರತಿ ಬೋಲ್ಟಿನ ತಲೆಯಿಂದ ಸಬ್‌ಫ್ರೇಮಿನವರೆಗೆ ಹಳದಿ ಬಣ್ಣದ ಒಂದೊಂದು ಗೆರೆ ಎಳೆದು ಬರುತ್ತಾರೆ.

“ಒಂದಿನ್ನೂರು ಕಿಲೋಮೀಟರ್ ಓಡಿಸಿ ತನ್ನಿ ಸಾರ್.”

“ಮತ್ತೆ ಟೈಟ್ ಮಾಡ್ಬೇಕಾ?”

“ಅಯ್ಯೋ, ಮುಟ್ಟೋದೇ ಇಲ್ಲ. ಗೆರೆ ಗೆರೆಗೆ ಸೇರಿದ್ಯಾ ನೋಡ್ತೀನಿ, ಅಷ್ಟೆ. ಸೇರಿದ್ರೆ ಟೀ ಕುಡ್ಕೊಂಡು ಹೋಗಿ.”