ಹಡಗು ನಿಲ್ಲುವಲ್ಲಿ ಹಳಿ ಶುರು: ಅಲಾಸ್ಕಾ ಪ್ರವಾಸದ ಹಿಂದಿನ ಇತಿಹಾಸ

ಅಮೆರಿಕದ ಅಲಾಸ್ಕಾ ರಾಜ್ಯದ ರಾಜಧಾನಿ ಜುನೋ. ಈ ಊರಿಗೆ ಹೊರಗಿನಿಂದ ಬರಲು ರಸ್ತೆಯೇ ಇಲ್ಲ. ಮುಂದೆ ಸಮುದ್ರ, ಬೆನ್ನಿಗೆ ಮೈಲಿಗಟ್ಟಲೆ ಹಬ್ಬಿದ ಹಿಮದ ಹಾಸು. ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಶಾಸನಸಭೆ ಕೂಡುವ ಊರಿನ ಪಾಡೇ ಹೀಗಿದ್ದರೆ ಉಳಿದ ಊರುಗಳ ಮಾತು ಹೇಳಬೇಕಾಗಿಲ್ಲ. ಭಾರತದ ಅರ್ಧದಷ್ಟು ವಿಸ್ತಾರವಿರುವ ಈ ರಾಜ್ಯದಲ್ಲಿ 2020ರ ಜನಗಣತಿಯಂತೆ ಇದ್ದವರು ಏಳೂಕಾಲು ಲಕ್ಷಕ್ಕೆ ತುಸು ಹೆಚ್ಚು ಜನ.

ಇಂಥ ಕಾಡುನಾಡಿಗೆ ಪ್ರತಿ ಬೇಸಿಗೆಯಲ್ಲಿ ಲಕ್ಷಾಂತರ ಪ್ರವಾಸಿಗರು ಬರುತ್ತಾರೆ. ಅವರಲ್ಲಿ ಅನೇಕರು ಹಿಡಿಯುವ ದಾರಿ ಒಂದೇ ಬಗೆಯದು. ಮೊದಲು ಒಂದು ವಾರ ಹಡಗು, ಆಮೇಲೆ ಕೆಲವು ದಿನ ರೈಲು ಮತ್ತು ಬಸ್ಸು. ಪ್ರವಾಸ ಕಂಪೆನಿಗಳ ಭಾಷೆಯಲ್ಲಿ ಇದು ‘ಕ್ರೂಸ್ ಟೂರ್’. ಮೇಲ್ನೋಟಕ್ಕೆ ಯಾವುದೋ ಕಚೇರಿಯಲ್ಲಿ ಕುಳಿತು ಹೆಣೆದ ಯೋಜನೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಈ ದಾರಿಯನ್ನು ರೂಪಿಸಿದ್ದು ಹಿಮ, ಚಿನ್ನ, ಹಳೆಯದೊಂದು ಕಾನೂನು ಮತ್ತು ಸರ್ಕಾರ ಹಾಕಿದ ಒಂದು ರೈಲು ಹಳಿ. ಈ ನಾಲ್ಕರ ಕಥೆ ತಿಳಿದರೆ ಯಾವ ಬಂದರಿನಿಂದ ಹೊರಡಬೇಕು, ಹಡಗಿಗೆ ಎಷ್ಟು ದಿನ, ನೆಲಕ್ಕೆ ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಉತ್ತರವೂ ಸಿಗುತ್ತದೆ.

ಹಿಮ ಕೊರೆದ ಕಾಲುವೆ

ಕೆನಡಾದ ವ್ಯಾಂಕೂವರ್‌ನಿಂದ ಉತ್ತರಕ್ಕೆ ಹೊರಟ ಹಡಗು ತೆರೆದ ಸಾಗರಕ್ಕಿಳಿಯದೆ ಬಹು ದೂರ ದ್ವೀಪಗಳ ಸಾಲು ಮತ್ತು ದಡದ ನಡುವಿನ ಜಲಮಾರ್ಗದಲ್ಲೇ ಸಾಗುತ್ತದೆ. ‘ಇನ್‌ಸೈಡ್ ಪ್ಯಾಸೇಜ್’ ಎಂದು ಇದರ ಹೆಸರು. ಹಿಮಯುಗದಲ್ಲಿ ಭಾರಿ ಹಿಮನದಿಗಳು ಬೆಟ್ಟಗಳ ನಡುವೆ ಕೊರೆದ ಆಳವಾದ ಕಣಿವೆಗಳಿಗೆ ಸಮುದ್ರದ ನೀರು ನುಗ್ಗಿ ಈ ಕಾಲುವೆಗಳಾದವು. ಪೆಸಿಫಿಕ್ ಸಾಗರದ ಅಬ್ಬರವನ್ನು ದ್ವೀಪಗಳೇ ತಡೆಯುವುದರಿಂದ ನೀರು ಬಹುಮಟ್ಟಿಗೆ ಶಾಂತ. ಟ್ಲಿಂಗಿಟ್, ಹೈಡಾ ಮೊದಲಾದ ಮೂಲನಿವಾಸಿಗಳು ಮರದ ದೋಣಿಗಳಲ್ಲಿ ಸಾವಿರಾರು ವರ್ಷ ಓಡಾಡಿದ ಹೆದ್ದಾರಿ ಇದು. 1867ರಲ್ಲಿ ರಷ್ಯಾ ಈ ನಾಡನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಅಲ್ಲಿ ಬಾಳುತ್ತಿದ್ದವರನ್ನು ಮಾರಿದವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ.

ಈ ದಾರಿಯ ಮುಖ್ಯ ಆಕರ್ಷಣೆ ಗ್ಲೇಸಿಯರ್ ಬೇ. 1794ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರನ ತಂಡ ಇತ್ತ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ ಎನ್ನಬಹುದು. ಬಾಯಿಯವರೆಗೂ ಹಿಮದ ಗೋಡೆ ತುಂಬಿತ್ತು. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಬಂದಾಗ ಹಿಮ 60 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಡಗುಗಳು ಸುಮಾರು 100 ಕಿ.ಮೀ. ಒಳಗೆ ಹೋಗಿ ಹಿಮನದಿಯ ಮುಖ ನೋಡಿ ಬರುತ್ತವೆ. ಮ್ಯೂರ್‌ನ ಬರಹಗಳನ್ನು ಓದಿದ ಕುತೂಹಲಿಗಳು 1880ರ ದಶಕದಲ್ಲೇ ಹಬೆಹಡಗು ಹತ್ತಿ ಇಲ್ಲಿಗೆ ಬರತೊಡಗಿದರು. ಅಂದರೆ ಅಲಾಸ್ಕಾದ ವಿಹಾರ ನೌಕಾಯಾನಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಆದರೆ ಇದೇ ಹಿಮನದಿ ಅದಕ್ಕೂ ಮುಂಚೆ, 18ನೇ ಶತಮಾನದ ಮಧ್ಯಭಾಗದಲ್ಲಿ, ಮುನ್ನುಗ್ಗಿ ಬಂದು ಹೂನಾ ಟ್ಲಿಂಗಿಟ್ ಜನರನ್ನು ಹಳ್ಳಿಗಳಿಂದ ಓಡಿಸಿತ್ತು. ಹಿಮ ಸರಿದ ಮೇಲೆ ಅವರು ಮೀನು, ಹಕ್ಕಿಮೊಟ್ಟೆಗಳಿಗಾಗಿ ಮರಳತೊಡಗಿದರು. ಸರ್ಕಾರ ಈ ಪ್ರದೇಶವನ್ನು ರಕ್ಷಿತ ತಾಣವೆಂದು ಸಾರಿದ ಬಳಿಕ ಅದಕ್ಕೂ ನಿರ್ಬಂಧ ಬಿತ್ತು. 2016ರಲ್ಲಿ ಕೊಲ್ಲಿಯ ದಡದಲ್ಲಿ ಅವರ ಕುಲಗಳಿಗಾಗಿ ಸಾಂಪ್ರದಾಯಿಕ ಮಾದರಿಯ ದೊಡ್ಡಮನೆಯೊಂದು ಎದ್ದಿತು. ಹಡಗಿನ ಅಟ್ಟದಲ್ಲಿ ನಿಂತು ‘ಮನುಷ್ಯ ಕಾಲಿಡದ ಜಾಗ’ ಎಂದು ಉದ್ಗರಿಸುವವರು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಚಿನ್ನ ತೋರಿದ ದಾರಿ

ಸಮುದ್ರದಿಂದ ಒಳನಾಡಿಗೆ ದಾರಿ ತೆರೆದದ್ದು ಚಿನ್ನ. 1896ರ ಆಗಸ್ಟ್‌ನಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸುದ್ದಿ ಹೊರಜಗತ್ತಿಗೆ ತಲುಪಿದ್ದೇ ತಡ, ಸುಮಾರು ಒಂದು ಲಕ್ಷ ಮಂದಿ ಹೊರಟುಬಿಟ್ಟರು. ಅವರಲ್ಲಿ ಅನೇಕರು ಹಡಗಿಳಿದದ್ದು ಸ್ಕ್ಯಾಗ್‌ವೇ ಎಂಬ ಪುಟ್ಟ ಬಂದರಿನಲ್ಲಿ. ಅಲ್ಲಿಂದ ಮುಂದೆ ಕಡಿದಾದ ಕಣಿವೆಮಾರ್ಗ. ಒಂದು ವರ್ಷಕ್ಕಾಗುವಷ್ಟು, ಸುಮಾರು ಒಂದು ಟನ್ ಸಾಮಗ್ರಿ ಇಲ್ಲದವರನ್ನು ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಅಷ್ಟನ್ನೂ ಬೆನ್ನ ಮೇಲೆ ಹೊತ್ತು ಹತ್ತಾರು ಬಾರಿ ಹತ್ತಿ ಇಳಿಯಬೇಕಿತ್ತು. ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಲೇ ಇಲ್ಲ.

ಈ ಕಷ್ಟ ನೀಗಲು 1898ರಲ್ಲಿ ವೈಟ್ ಪಾಸ್ ರೈಲುಮಾರ್ಗದ ಕೆಲಸ ಶುರುವಾಗಿ 1900ರಲ್ಲಿ ಮುಗಿಯಿತು. ಅಷ್ಟರಲ್ಲಿ ಚಿನ್ನದ ಹುಚ್ಚು ಇಳಿದಿತ್ತು. ರೈಲು ಅದಿರು ಸಾಗಿಸಿ ಬದುಕಿತು, 1982ರಲ್ಲಿ ನಿಂತಿತು, 1988ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಓಡಿತು. ಸಮುದ್ರಮಟ್ಟದಿಂದ 20 ಮೈಲಿಯೊಳಗೆ ಸುಮಾರು 2,900 ಅಡಿ ಏರುವ ಈ ಕಿರುಹಳಿ ರೈಲು ಇಂದು ಹಡಗಿನ ಯಾತ್ರಿಕರಿಗೆ ಅರ್ಧ ದಿನದ ವಿಹಾರ. ಚಿನ್ನ ತರಲೆಂದು ಹಾಕಿದ ಹಳಿಗೆ ಪ್ರವಾಸಿಗರೇ ಚಿನ್ನವಾದರು.

1886ರ ಕಾನೂನು

ಯೋಜನೆ ಹಾಕುವವರಿಗೆ ಮೊದಲು ಎದುರಾಗುವ ಗೊಂದಲವೆಂದರೆ ಹೊರಡುವ ಬಂದರು. ಅಮೆರಿಕದ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಒಂದು ಸುತ್ತು ಹೊಡೆದು ಸಿಯಾಟಲ್‌ಗೇ ಮರಳುತ್ತವೆ. ಒಂದೇ ದಿಕ್ಕಿಗೆ ಸಾಗಿ ಉತ್ತರದ ಸೂವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿಸುವ ದೊಡ್ಡ ಹಡಗುಗಳು ಕೆನಡಾದ ವ್ಯಾಂಕೂವರ್‌ನಿಂದಲೇ ಹೊರಡುತ್ತವೆ. ಇದಕ್ಕೆ ಕಾರಣ ಅಮೆರಿಕದ 1886ರ ಒಂದು ಕಾನೂನು. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಯಾತ್ರಿಕರನ್ನು ಹತ್ತಿಸಿ ಇನ್ನೊಂದರಲ್ಲಿ ಹಾಗೇ ಇಳಿಸುವಂತಿಲ್ಲ. ದೊಡ್ಡ ವಿಹಾರ ಹಡಗುಗಳು ಬಹುಮಟ್ಟಿಗೆ ಬಹಾಮಾಸ್, ಪನಾಮಾ, ಬರ್ಮುಡಾ ಮುಂತಾದೆಡೆ ನೋಂದಾಯಿತವಾದವು. ಹಾಗಾಗಿ ಸಿಯಾಟಲ್ ಹಡಗು ನಡುವೆ ಕೆನಡಾದ ವಿಕ್ಟೋರಿಯಾದಂಥ ಬಂದರನ್ನು ಮುಟ್ಟಲೇಬೇಕು.

ಈ ಕಾನೂನಿನ ಬಿಸಿ ಎಷ್ಟೆಂಬುದು ಕೋವಿಡ್ ಕಾಲದಲ್ಲಿ ತಿಳಿಯಿತು. ಕೆನಡಾ ತನ್ನ ಬಂದರುಗಳನ್ನು ವಿಹಾರ ಹಡಗುಗಳಿಗೆ ಮುಚ್ಚಿದಾಗ ಅಲಾಸ್ಕಾದ ಬಂದರುಗಳೂ ಬರಿದಾದವು. 2021ರಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯ ಮಸೂದೆಯನ್ನೇ ತರಬೇಕಾಯಿತು.

ಪ್ರವಾಸಿಗೆ ಇದರ ಅರ್ಥ ಸ್ಪಷ್ಟ. ಹಡಗಿನ ಜೊತೆಗೆ ಒಳನಾಡನ್ನೂ ನೋಡಬೇಕಾದರೆ ಸುತ್ತುಹಡಗು ಸಾಲದು, ವ್ಯಾಂಕೂವರ್‌ ಮತ್ತು ಸೂವರ್ಡ್ ಅಥವಾ ವಿಟಿಯರ್ ನಡುವಿನ ಒಮ್ಮುಖ ಹಡಗೇ ಆಗಬೇಕು. ವ್ಯಾಂಕೂವರ್ ಎಂದ ಮೇಲೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಮಾತ್ರವಲ್ಲ, ಕೆನಡಾದ್ದೂ ಬೇಕು. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ತಂದೆ ತಾಯಿಯರು ಇದನ್ನು ಇಲ್ಲಿಂದ ಹೊರಡುವ ಮುನ್ನವೇ ನೋಡಿಕೊಳ್ಳುವುದು ಲೇಸು.

ಸರ್ಕಾರದ ರೈಲು

ಸೂವರ್ಡ್‌ನಲ್ಲಿ ಹಡಗು ನಿಂತಲ್ಲಿಂದಲೇ ರೈಲು ಶುರು. ಖಾಸಗಿ ಕಂಪೆನಿಗಳು ಹಳಿ ಹಾಕಲು ಹೋಗಿ ಕೈಸುಟ್ಟುಕೊಂಡ ಮೇಲೆ ಅಮೆರಿಕದ ಕೇಂದ್ರ ಸರ್ಕಾರವೇ ಮುಂದಾಯಿತು. ಸೂವರ್ಡ್‌ನಿಂದ ಆಂಕರೇಜ್ ಮೂಲಕ ಫೇರ್‌ಬ್ಯಾಂಕ್ಸ್‌ವರೆಗೆ 470 ಮೈಲಿ (ಸುಮಾರು 756 ಕಿ.ಮೀ.) ಉದ್ದದ ಮಾರ್ಗ ಮುಗಿದದ್ದು 1923ರ ಜುಲೈನಲ್ಲಿ. ಅಧ್ಯಕ್ಷ ವಾರನ್ ಹಾರ್ಡಿಂಗ್ ಸ್ವತಃ ಬಂದು ಚಿನ್ನದ ಮೊಳೆ ಹೊಡೆದರು. 1985ರಲ್ಲಿ ಈ ರೈಲು ರಾಜ್ಯ ಸರ್ಕಾರದ ಕೈಗೆ ಬಂತು. ನಡುವಿನ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಆಂಕರೇಜ್‌ನಿಂದ ನೇರ ಹೆದ್ದಾರಿ ತೆರೆದದ್ದು 1971ರಲ್ಲಿ. ಅದುವರೆಗೆ ಅಲ್ಲಿಗೆ ಹೋಗುವವರಿಗೆ ರೈಲೇ ಮುಖ್ಯ ಆಸರೆ.

ಹಡಗು, ರೈಲು, ಬಸ್ಸು, ಹೋಟೆಲನ್ನು ಒಂದೇ ಟಿಕೆಟ್ಟಿಗೆ ಪೋಣಿಸುವ ವ್ಯವಹಾರ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ವಿಮಾನ ಚಾಲಕನಾಗಿದ್ದ ಚಕ್ ವೆಸ್ಟ್ ಎಂಬಾತ ಇದಕ್ಕೆ ನಾಂದಿ ಹಾಡಿದವರಲ್ಲಿ ಪ್ರಮುಖ. ಆತ ಕಟ್ಟಿದ ಸಂಸ್ಥೆಯನ್ನು 1970ರ ದಶಕದ ಆರಂಭದಲ್ಲಿ ಹಾಲೆಂಡ್ ಅಮೆರಿಕ ಹಡಗು ಕಂಪೆನಿ ಕೊಂಡಿತು. ಇಂದಿನ ‘ಕ್ರೂಸ್ ಟೂರ್’ ಅದೇ ಬಳ್ಳಿಯ ಹಬ್ಬು.

ಪರ್ವತ ಕಾಣುವುದು ಮೂವರಲ್ಲಿ ಒಬ್ಬರಿಗೆ

ನೆಲದ ಪಯಣದ ಗುರಿ ಉತ್ತರ ಅಮೆರಿಕದ ಅತ್ಯುನ್ನತ ಪರ್ವತ. ಎತ್ತರ 6,190 ಮೀಟರ್. ಕೊಯುಕಾನ್ ಜನರ ಭಾಷೆಯಲ್ಲಿ ಇದು ಡೆನಾಲಿ, ಅಂದರೆ ‘ಎತ್ತರದವನು’. 1896ರಲ್ಲಿ ಚಿನ್ನ ಹುಡುಕುತ್ತಿದ್ದವನೊಬ್ಬ ಆಗ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದ ಮೆಕಿನ್ಲಿಯ ಹೆಸರಿಟ್ಟ. 2015ರಲ್ಲಿ ಕೇಂದ್ರ ಸರ್ಕಾರ ಡೆನಾಲಿ ಎಂಬ ಹೆಸರನ್ನು ಒಪ್ಪಿತು, 2025ರಲ್ಲಿ ಮತ್ತೆ ಮೆಕಿನ್ಲಿ ಎಂದು ಬದಲಿಸಿತು. ಉದ್ಯಾನದ ಹೆಸರು ಮಾತ್ರ ಡೆನಾಲಿಯಾಗಿಯೇ ಉಳಿಯಿತು. 1913ರಲ್ಲಿ ಮೊದಲು ಶಿಖರದ ತುದಿ ಮುಟ್ಟಿದ ವಾಲ್ಟರ್ ಹಾರ್ಪರ್ ತಾಯಿಯ ಕಡೆಯಿಂದ ಇದೇ ನೆಲದ ಅಥಬಾಸ್ಕನ್ ಕುಲದವನು.

ಹೆಸರು ಯಾವುದಾದರೂ ಇರಲಿ, ಪರ್ವತ ಬಹುಕಾಲ ಮೋಡದ ಮರೆಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಬಂದವರ ಪೈಕಿ ಅದನ್ನು ಕಾಣುವವರು ಮೂವರಲ್ಲಿ ಒಬ್ಬರು ಎಂಬುದು ಅಲ್ಲಿನ ರೂಢಿಮಾತು. ಒಂದು ರಾತ್ರಿ ತಂಗಿ ಹೊರಟುಬಿಡುವ ಅಗ್ಗದ ಯೋಜನೆಯ ಕೊರತೆ ಇಲ್ಲೇ ಇದೆ. ಎರಡು ಮೂರು ರಾತ್ರಿ ನಿಂತರೆ ಮೋಡ ಸರಿಯುವ ಅವಕಾಶ ಹೆಚ್ಚು. ಕರಡಿ, ಕ್ಯಾರಿಬೂ, ತೋಳ, ಬಿಳಿಯ ಡಾಲ್ ಕುರಿ ಕಣ್ಣಿಗೆ ಬೀಳುವುದೂ ಉದ್ಯಾನದೊಳಗೆ ಬಸ್ಸಿನಲ್ಲಿ ಇಡೀ ದಿನ ಕಳೆದವರಿಗೆ. ಬೇಸಿಗೆಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶ ಮೊದಲ 15 ಮೈಲಿಗೆ ಮಾತ್ರ.

ತಿಂಗಳು, ದಿಕ್ಕು, ದಿನ

ಹಡಗುಗಳ ಋತು ಹೆಚ್ಚುಕಡಿಮೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಕರಾವಳಿಯಲ್ಲಿ ಮೇ, ಜೂನ್‌ನಲ್ಲಿ ಮಳೆ ಕಡಿಮೆ. ಜೂನ್ ಕೊನೆಯ ಭಾಗದಲ್ಲಿ ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಸುಮಾರು 22 ಗಂಟೆ ಮುಳುಗುವುದಿಲ್ಲ, ಸೊಳ್ಳೆಗಳ ಕಾಟವೂ ಆಗಲೇ. ಆಗಸ್ಟ್ ಕೊನೆಗೆ ಬಯಲು ಕೆಂಪು ಹಳದಿಗೆ ತಿರುಗುತ್ತದೆ, ಕತ್ತಲು ಮರಳುವುದರಿಂದ ಆಕಾಶ ತಿಳಿಯಾಗಿದ್ದರೆ ಧ್ರುವಪ್ರಭೆ ಕಾಣುವ ಸಾಧ್ಯತೆಯೂ ಉಂಟು. ಆದರೆ ಮಳೆ ಹೆಚ್ಚು. ಯಾವ ತಿಂಗಳಾದರೂ ಮಳೆಯಂಗಿ ಮತ್ತು ಒಂದರ ಮೇಲೊಂದು ತೊಡಬಹುದಾದ ಉಣ್ಣೆಯ ಬಟ್ಟೆ ತಪ್ಪಿದ್ದಲ್ಲ.

ಹಿರಿಯರು ಜೊತೆಗಿದ್ದರೆ ನೆಲದ ಪಯಣ ಮೊದಲು ಮುಗಿಸಿ ಆಮೇಲೆ ದಕ್ಷಿಣಕ್ಕೆ ಹಡಗು ಹಿಡಿಯುವುದು ಅನುಕೂಲ. ದಿನವೂ ಪೆಟ್ಟಿಗೆ ಕಟ್ಟುವ, ಬೆಳಿಗ್ಗೆ ಬೇಗ ರೈಲು ಹಿಡಿಯುವ ದಣಿವಿಗೆ ಕೊನೆಯಲ್ಲಿ ಒಂದು ವಾರದ ವಿಶ್ರಾಂತಿ ಸಿಗುತ್ತದೆ. ಯಾವ ದಿಕ್ಕಿಗೆ ಹೋದರೂ ಹಡಗು ಯಾರಿಗೂ ಕಾಯದು. ಹಿಂದಿನ ದಿನವೇ ಬಂದರಿನ ಊರು ಸೇರಿರಬೇಕು. ಅಪ್ಪಟ ಸಸ್ಯಾಹಾರಿಗಳಿಗೆ ಹಡಗಿನಲ್ಲಿ ಮೊದಲೇ ತಿಳಿಸಿದರೆ ತೊಂದರೆಯಾಗದು. ಒಳನಾಡಿನ ತಂಗುದಾಣಗಳಲ್ಲಿ ಆಯ್ಕೆ ಕಡಿಮೆ.

ಕರಗುತ್ತಿರುವ ದಾರಿ

ಹಿಮ ರೂಪಿಸಿದ ಈ ದಾರಿಯನ್ನು ಈಗ ಹಿಮವೇ ಅಳಿಸತೊಡಗಿದೆ. ಡೆನಾಲಿ ಉದ್ಯಾನದ 92 ಮೈಲಿ ರಸ್ತೆ 2021ರ ಆಗಸ್ಟ್‌ನಲ್ಲಿ ನಡುಭಾಗದಲ್ಲೇ ಮುಚ್ಚಿತು. ವರ್ಷವಿಡೀ ಹೆಪ್ಪುಗಟ್ಟಿರುತ್ತಿದ್ದ ನೆಲ ಕರಗಿ ‘ಪ್ರೆಟಿ ರಾಕ್ಸ್’ ಎಂಬಲ್ಲಿ ಗುಡ್ಡ ಜಾರತೊಡಗಿದ್ದು ಕಾರಣ. ಬಸ್ಸುಗಳು 43ನೇ ಮೈಲಿನಲ್ಲೇ ತಿರುಗಬೇಕಾಯಿತು, ಜಾರುವ ಜಾಗ ದಾಟಲು ಸೇತುವೆಯ ಕೆಲಸ ಆರಂಭವಾಯಿತು. ಟಿಕೆಟ್ ಕೊಳ್ಳುವ ಮುನ್ನ ಆ ವರ್ಷ ಬಸ್ಸು ಎಷ್ಟು ದೂರ ಹೋಗುತ್ತದೆಂದು ಕೇಳುವುದು ಅಗತ್ಯ. ಜುನೋ ಬಳಿಯ ಮೆಂಡೆನ್‌ಹಾಲ್ ಹಿಮನದಿ ಹಿಂದೆ ಸರಿಯುತ್ತಿದೆ. ಅದರ ಪಕ್ಕದ ಹಳ್ಳದಲ್ಲಿ ಕೂಡಿದ ಕರಗುನೀರು 2023, 2024 ಮತ್ತು 2025ರ ಆಗಸ್ಟ್‌ಗಳಲ್ಲಿ ಒಡೆದು ಹರಿದು ಊರಿನ ಮನೆಗಳಿಗೆ ಪ್ರವಾಹ ತಂದಿತು.

ಊರವರ ತಾಳ್ಮೆಗೂ ಮಿತಿಯಿದೆ. ಸುಮಾರು 32 ಸಾವಿರ ಜನರ ಜುನೋಗೆ 2023ರಲ್ಲಿ ಬಂದ ಹಡಗು ಪ್ರವಾಸಿಗರು 16 ಲಕ್ಷಕ್ಕೂ ಹೆಚ್ಚು. 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿ ಬಂತು. ಶನಿವಾರ ಹಡಗೇ ಬೇಡವೆಂಬ ಪ್ರಸ್ತಾವ ಅದೇ ವರ್ಷದ ಮತದಾನದಲ್ಲಿ ಸೋತಿತು. ಹಡಗನ್ನೇ ನಂಬಿದ ಅಂಗಡಿಯವರೂ ಹಡಗಿನಿಂದ ಬೇಸತ್ತವರೂ ಅಲ್ಲಿ ಒಂದೇ ಬೀದಿಯಲ್ಲಿದ್ದಾರೆ. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ವಿಹಾರ ಹಡಗಿಗೆ ಅವಕಾಶ. ಎಲ್ಲ ಹಡಗುಗಳೂ ಅಲ್ಲಿಗೆ ಹೋಗವು ಎಂಬುದನ್ನು ಗಮನಿಸಿ ಹಡಗು ಆರಿಸಬೇಕು.

ಕರಪತ್ರಗಳಲ್ಲಿ ಹಡಗಿನ ಈಜುಕೊಳ, ಊಟದ ಕೋಣೆ, ರಂಗಮಂದಿರಗಳ ಚಿತ್ರಗಳೇ ಹೆಚ್ಚು. ಅವು ಜಗತ್ತಿನ ಯಾವ ಸಮುದ್ರದಲ್ಲಾದರೂ ಸಿಗುತ್ತವೆ. ಜಾರುವ ಗುಡ್ಡ, ಮೋಡ ಮುಸುಕಿದ ಪರ್ವತ, ಮರಳಿ ಬಂದ ಹೂನಾ ಜನರ ದೊಡ್ಡಮನೆ ಇರುವುದು ಅಲಾಸ್ಕಾದಲ್ಲಿ ಮಾತ್ರ. ಎರಡು ಯೋಜನೆಗಳ ನಡುವೆ ಆರಿಸುವಾಗ ಬೆಲೆಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಿ: ಕಾಲು ನೆಲದ ಮೇಲಿರುವ ದಿನಗಳು ಎಷ್ಟು?