ವಾಹನದ ನಿಯಂತ್ರಣ ಘಟಕಗಳ ನಡುವೆ ಸಂಪರ್ಕ ಕಡಿದಾಗ

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಚಿಂತಾಕಿ ಭಾಗದಲ್ಲಿ ಸೋಯಾ ಅವರೆ, ಉದ್ದು, ಹೆಸರು ಮತ್ತು ತೊಗರಿ ಮುಖ್ಯ ಬೆಳೆಗಳು. ಒಕ್ಕಣೆಯಾದ ಮಾಲನ್ನು ಮಾರುಕಟ್ಟೆಗೆ ಸಾಗಿಸಲು ಈಗ ರೈತರು ಪಿಕಪ್ ವಾಹನಗಳನ್ನೂ ಓಡಾಟಕ್ಕೆ ಕಾರುಗಳನ್ನೂ ಇಟ್ಟುಕೊಂಡಿದ್ದಾರೆ. ತೊಗರಿಯ ಕಟಾವಾಗಿ ಹೊಲ ಬರಿದಾದೊಡನೆ ಇಲಿಗಳು ಹೊಟ್ಟಿನ ಬಣವೆಗೆ ಸೇರುತ್ತವೆ. ಪಕ್ಕದಲ್ಲಿ ನಿಲ್ಲಿಸಿದ ವಾಹನದ ಎಂಜಿನ್ ಗೂಡಿಗೂ ನುಗ್ಗಿ ತಂತಿಗಳನ್ನು ಕಡಿಯುತ್ತವೆ. ಮರುದಿನ ಕೀಲಿ ತಿರುಗಿಸಿದಾಗ ನಾಲ್ಕಾರು ಎಚ್ಚರಿಕೆ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳಬಹುದು; ಎಂಜಿನ್ ಚಾಲೂ ಆಗದೆಯೂ ಇರಬಹುದು. ಇಂಥ ಸಮಯದಲ್ಲಿ ‘ಕಂಪ್ಯೂಟರ್ ಪೆಟ್ಟಿಗೆ ಕೆಟ್ಟಿದೆ, ಬದಲಾಯಿಸಿ’ ಎಂಬ ಸಲಹೆ ಬರುವುದುಂಟು. ಈ ಪೆಟ್ಟಿಗೆ ಬಲು ದುಬಾರಿ. ಪರೀಕ್ಷಿಸದೆ ಬದಲಾಯಿಸಿದರೆ ಹಣವೂ ಹೋಗಿ ದೋಷವೂ ಉಳಿಯುವ ಸಂಭವವಿದೆ.

ಸಂಪರ್ಕದ ಬಗೆ

ಎಂಜಿನ್, ಬ್ರೇಕ್, ಮುಂಫಲಕ, ಗಾಳಿಚೀಲ ಇವಕ್ಕೆಲ್ಲ ಪ್ರತ್ಯೇಕ ನಿಯಂತ್ರಣ ಘಟಕಗಳಿರುತ್ತವೆ. ಹಿಂದೆ ಒಂದೊಂದು ಸುದ್ದಿಗೂ ಒಂದೊಂದು ತಂತಿ ಬೇಕಾಗುತ್ತಿತ್ತು. ೧೯೮೬ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ‘ಕ್ಯಾನ್’ ಎಂಬ ಪದ್ಧತಿಯನ್ನು ಪ್ರಕಟಿಸಿತು. ೧೯೯೩ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಹಗ್ಗದಂತೆ ಹೊಸೆದ ಎರಡೇ ತಂತಿಗಳ ಮೇಲೆ ಎಲ್ಲ ಘಟಕಗಳೂ ಮಾತನಾಡುತ್ತವೆ. ಸುದ್ದಿ ಇಲ್ಲದಾಗ ಎರಡೂ ತಂತಿಗಳಲ್ಲಿ ಸುಮಾರು ೨.೫ ವೋಲ್ಟ್ ಇರುತ್ತದೆ. ಸುದ್ದಿ ಹೊರಟಾಗ ‘ಹೈ’ ತಂತಿ ೩.೫ಕ್ಕೆ ಏರಿ ‘ಲೋ’ ತಂತಿ ೧.೫ಕ್ಕೆ ಇಳಿಯುತ್ತದೆ. ಕೇಳುವ ಘಟಕವು ಇವೆರಡರ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತದೆ. ಹೊರಗಿನ ವಿದ್ಯುತ್ ಗದ್ದಲವು ಹೊಸೆದ ತಂತಿಗಳೆರಡಕ್ಕೂ ಸಮನಾಗಿ ತಟ್ಟುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ತೊಟ್ಟಿಯ ಗೋಡೆಗೆ ಬಡಿದ ಅಲೆ ಹಿಂದಿರುಗುವಂತೆ ಸಂಕೇತವು ಹಿಂದಿರುಗದಿರಲೆಂದು ಸಾಲಿನ ಎರಡೂ ತುದಿಗಳಲ್ಲಿ ೧೨೦ ಓಮ್‌ನ ಒಂದೊಂದು ರೋಧಕವಿರುತ್ತದೆ.

೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್.-೬ ನಿಯಮದ ವಾಹನಗಳಲ್ಲಿ ಇಂಥ ಘಟಕಗಳು ಹೆಚ್ಚಾಗಿವೆ. ೫೦ ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೂ ೨೦೨೩ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಆದ್ದರಿಂದ ಈ ವಿಷಯವನ್ನು ತಿಳಿದಿರುವುದು ಅವಶ್ಯಕ.

ದೂರು ಹೇಳುವ ಘಟಕವೇ ಕೆಟ್ಟದ್ದಲ್ಲ

ಕಪ್ಪು ಭೂಮಿಯಲ್ಲಿ ನೀರು ನಿಂತಾಗ ತೊಗರಿಯ ಎಲೆ ಹಳದಿಯಾಗುತ್ತದೆ. ಲಕ್ಷಣ ಕಾಣುವುದು ಎಲೆಯಲ್ಲಿ, ಕಾರಣವಿರುವುದು ಬೇರಿನಲ್ಲಿ. ಅಲ್ಲಿ ಬಸಿಗಾಲುವೆ ತೆಗೆಯದೆ ಯೂರಿಯಾ ಹಾಕಿದರೆ ಫಲವಿಲ್ಲ. ಇಲ್ಲಿಯೂ ಹಾಗೆಯೇ. ಸ್ಕ್ಯಾನರ್‌ನಲ್ಲಿ ‘ಯು’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಸಂಪರ್ಕದ ದೋಷವನ್ನು ಸೂಚಿಸುತ್ತವೆ. ಉದಾಹರಣೆಗೆ, ಬ್ರೇಕ್ ಘಟಕದಲ್ಲಿ ‘ಯು೦೧೦೦’ ಕಂಡರೆ ಎಂಜಿನ್ ಘಟಕದ ಮಾತು ಅದಕ್ಕೆ ಕೇಳಿಸುತ್ತಿಲ್ಲವೆಂದು ಅರ್ಥ; ಬ್ರೇಕ್ ಘಟಕ ಕೆಟ್ಟಿದೆಯೆಂದಲ್ಲ. ಹಲವು ಘಟಕಗಳು ಒಂದೇ ಘಟಕದ ಮೇಲೆ ದೂರು ಹೇಳಿದರೆ ಆ ಮೌನ ಘಟಕದ ಫ್ಯೂಸ್, ಅರ್ಥಿಂಗ್ ಮತ್ತು ಕನೆಕ್ಟರನ್ನು ಮೊದಲು ನೋಡಬೇಕು. ಎಲ್ಲವೂ ಮೌನವಾಗಿದ್ದರೆ ಎಲ್ಲಕ್ಕೂ ಸೇರಿದ ಸಾಲನ್ನೇ ಸಂಶಯಿಸಬೇಕು.

ಪರೀಕ್ಷೆಯ ಕ್ರಮ

(೧) ಮೊದಲು ಬ್ಯಾಟರಿ. ಪೂರ್ಣ ಚಾರ್ಜಾದ ಬ್ಯಾಟರಿಯಲ್ಲಿ ಎಂಜಿನ್ ನಿಂತಾಗ ಸುಮಾರು ೧೨.೬ ವೋಲ್ಟ್ ಇರಬೇಕು. ಬ್ಯಾಟರಿ ದುರ್ಬಲವಾದರೆ ಹಲವು ಘಟಕಗಳು ಒಟ್ಟಿಗೇ ಸುಳ್ಳು ದೂರು ದಾಖಲಿಸುತ್ತವೆ. ಅರ್ಥಿಂಗ್ ತಂತಿಯ ಬಿಗಿತವನ್ನೂ ತುಕ್ಕನ್ನೂ ನೋಡತಕ್ಕದ್ದು.

(೨) ಅನಂತರ ರೋಧ ಅಳತೆ. ಕೀಲಿ ತೆಗೆದು, ಬ್ಯಾಟರಿಯ ಋಣ ತಂತಿ ಬಿಚ್ಚಿ, ಕೆಲವು ನಿಮಿಷ ಬಿಡಬೇಕು. ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗಿರುವ ೧೬ ರಂಧ್ರಗಳ ಕನೆಕ್ಟರಿನಲ್ಲಿ ಸಾಮಾನ್ಯವಾಗಿ ೬ ಮತ್ತು ೧೪ನೆಯವು ಕ್ಯಾನ್ ತಂತಿಗಳು. ಅವುಗಳ ನಡುವೆ ಮಲ್ಟಿಮೀಟರ್ ಸುಮಾರು ೬೦ ಓಮ್ ತೋರಿಸಿದರೆ ಎರಡೂ ರೋಧಕಗಳು ಸಾಲಿನಲ್ಲಿವೆ. ೧೨೦ ತೋರಿಸಿದರೆ ಒಂದು ತುದಿ ಕಡಿದಿದೆ. ಸೊನ್ನೆಗೆ ಹತ್ತಿರವಿದ್ದರೆ ತಂತಿಗಳೆರಡೂ ಒಂದಕ್ಕೊಂದು ತಾಗಿವೆ. ಕೆಲವು ವಾಹನಗಳಲ್ಲಿ ನಡುವೆ ಮಧ್ಯವರ್ತಿ ಘಟಕವಿರುವುದರಿಂದಲೂ ಟ್ರ್ಯಾಕ್ಟರುಗಳಲ್ಲಿ ಕನೆಕ್ಟರ್ ಬೇರೆಯಾಗಿರುವುದರಿಂದಲೂ ಕೈಪಿಡಿಯನ್ನು ನೋಡುವುದು ಲೇಸು.

(೩) ಬ್ಯಾಟರಿ ಜೋಡಿಸಿ, ಕೀಲಿ ಹಾಕಿ, ಒಂದೊಂದು ತಂತಿಯ ವೋಲ್ಟೇಜನ್ನು ನೆಲಕ್ಕೆ ಅಳೆಯಬೇಕು. ಹೈ ತಂತಿ ೨.೫ಕ್ಕಿಂತ ತುಸು ಹೆಚ್ಚು, ಲೋ ತಂತಿ ತುಸು ಕಡಿಮೆ ಇರಬೇಕು. ಸೊನ್ನೆಯಾದರೆ ತಂತಿ ನೆಲಕ್ಕೆ ತಾಗಿರಬಹುದು. ೧೨ ವೋಲ್ಟ್ ಆದರೆ ಬ್ಯಾಟರಿ ತಂತಿಗೆ ತಾಗಿದೆ.

(೪) ಆಗಲೂ ದೋಷ ಸಿಗದಿದ್ದರೆ, ಪ್ರತಿ ಸಲವೂ ಕೀಲಿ ತೆಗೆದು, ಘಟಕಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಯಾವುದನ್ನು ಬಿಡಿಸಿದಾಗ ಸಾಲು ಸರಿಯಾಗುವುದೋ ಆ ಘಟಕವನ್ನು ಅಥವಾ ಅದರ ಕವಲನ್ನು ಸಂಶಯಿಸಬೇಕು. ರೋಧಕವು ಘಟಕದ ಒಳಗೇ ಇದ್ದರೆ ಅದನ್ನು ಬಿಡಿಸಿದಾಗ ೧೨೦ ಓಮ್ ಬರುವುದು ಸಹಜ. ಗಾಳಿಚೀಲದ ಹಳದಿ ಕನೆಕ್ಟರುಗಳನ್ನು ಮಾತ್ರ ಮುಟ್ಟಕೂಡದು; ಅದು ತರಬೇತಿ ಪಡೆದವರ ಕೆಲಸ.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ಕಡಿದ ತಂತಿಯನ್ನು ಬೆಸೆದು, ಮುಚ್ಚುಗೊಳವೆ ಹಾಕಿ, ಮೊದಲಿನಂತೆಯೇ ಹೊಸೆಯಬೇಕು. ಪರೀಕ್ಷೆಗೆಂದು ತಂತಿಯ ಹೊದಿಕೆಗೆ ಸೂಜಿ ಚುಚ್ಚಿದರೆ ನೀರು ಇಳಿದು ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ಹೆಚ್ಚಿನ ದೀಪ, ಹಾರ್ನ್ ಮುಂತಾದವುಗಳಿಗೆ ಈ ತಂತಿಗಳಿಂದ ವಿದ್ಯುತ್ ಎಳೆಯಬಾರದು. ವಾಹನಕ್ಕೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ತಂತಿಯನ್ನು ಬಿಚ್ಚಿ, ಕೈಪಿಡಿ ಹೇಳಿದಂತೆ ಘಟಕಗಳನ್ನೂ ಬೇರ್ಪಡಿಸಬೇಕು. ತೊಳೆಯುವಾಗ ಕನೆಕ್ಟರುಗಳ ಮೇಲೆ ರಭಸದ ನೀರು ಬಿಡಬಾರದು. ವಾಹನವನ್ನು ಬಣವೆಯಿಂದ ದೂರ ನಿಲ್ಲಿಸಿ, ಸುಗ್ಗಿಯ ನಂತರ ವಾರಕ್ಕೊಮ್ಮೆ ಎಂಜಿನ್ ಮುಚ್ಚಳ ತೆರೆದು ಇಲಿಯ ಹಿಕ್ಕೆ, ಗೂಡಿನ ಹುಲ್ಲು ಇವೆಯೇ ಎಂದು ನೋಡುವುದು ಒಳ್ಳೆಯ ರೂಢಿ.

ಬ್ರೇಕ್ ಎಚ್ಚರಿಕೆ ದೀಪ ಹೊತ್ತಿರುವಾಗ ಹೊರೆ ತುಂಬಿ ವಾಹನ ಓಡಿಸಬಾರದು. ಪೆಟ್ಟಿಗೆ ಬದಲಾಯಿಸಲು ಒಪ್ಪುವ ಮುನ್ನ ರೈತರು ಬ್ಯಾಟರಿಯ ವೋಲ್ಟ್, ಸಾಲಿನ ಓಮ್, ಅರ್ಥಿಂಗ್ ಸ್ಥಿತಿ ಈ ಮೂರನ್ನೂ ಅಳೆದು ತೋರಿಸುವಂತೆ ಮೆಕ್ಯಾನಿಕರನ್ನು ಕೇಳತಕ್ಕದ್ದು.